ನೀಲಮ್ಮನವರ ಮನೆಯಿಂದ ಬಂದ ಪಿಸ್ತೂಲು

ಬಂದೂಕು ರಿಪೇರಿ ಕಲಿಯಬೇಕೆಂದು ಈಗಲೂ ವರ್ಷಕ್ಕೆ ಒಬ್ಬಿಬ್ಬರು ತರುಣರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಚಹಾ ಕುಡಿಯುವ ಮೊದಲೇ ದರೋಡೆಕೋರರ ಕಥೆ ಕೇಳುತ್ತಾರೆ. ನನಗೆ ಗೊತ್ತಿರುವುದು ತುಕ್ಕಿನ ಕಥೆ. ಮೂವತ್ತೈದು ವರ್ಷ ಈ ಕೆಲಸ ಮಾಡಿದವನು ನಾನು. ಅದರಲ್ಲಿ ಮುಕ್ಕಾಲು ಪಾಲು ಕಳೆದದ್ದು ತುಕ್ಕು ಕೆರೆಯುವುದರಲ್ಲಿ, ಉಳಿದದ್ದು ಮುರಿದ ಸ್ಪ್ರಿಂಗಿಗೆ ಹೊಸ ಸ್ಪ್ರಿಂಗು ಹಾಕುವುದರಲ್ಲಿ. ಗುಂಡಿನ ಸದ್ದು ಅಂಗಡಿಯೊಳಗೆ ಕೇಳಿದ್ದು ಒಂದೇ ಸಲ. ಆ ಒಂದು ಸಲದ ತಪ್ಪು ನನ್ನದು. ಈ ಕೆಲಸಕ್ಕೆ ಬರುವವರಿಗೆ ಉಪಯೋಗವಾಗುವುದಾದರೆ ಅದೇ ಆಗಬೇಕು, ಆದ್ದರಿಂದ ಅದನ್ನೇ ಬರೆಯುತ್ತೇನೆ.

ಆಗ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು, ಕರ್ನೂಲಿಗೆ ಸೇರಿದ್ದು ಬಹಳ ವರ್ಷಗಳ ಮೇಲೆ. ಹತ್ತಿಯ ಪೇಟೆಯಿಂದ ಕೋಟೆಯ ಕಡೆಗೆ ಏರುವ ದಾರಿಯಲ್ಲಿ ಎಡಕ್ಕೆ ಒಂದು ಕಲ್ಲಿನ ಕಟ್ಟಡ. ಅದರ ಮುಂದಿನ ಕೋಣೆ ಇಮಾಮಸಾಬರ ಅಂಗಡಿ. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಸುತ್ತಲಿನ ಮೂರು ತಾಲೂಕುಗಳಿಗೆ ಆಯುಧ ಮಾರುವ, ರಿಪೇರಿ ಮಾಡುವ ಲೈಸೆನ್ಸ್ ಇದ್ದದ್ದು ಅವರೊಬ್ಬರಿಗೇ. ಆ ಕಾಗದವನ್ನು ಅವರು ಕನ್ನಡಿ ಹಾಕಿಸಿ ಗೋಡೆಗೆ ತೂಗು ಹಾಕಿದ್ದರು. ಅಂಗಡಿಯಲ್ಲಿ ಏನು ಕಳೆದುಹೋದರೂ ಬೈಗುಳದಲ್ಲಿ ಮುಗಿಯುತ್ತಿತ್ತು. ಆ ಕಾಗದದ ಮೇಲೆ ಒಂದು ನೊಣ ಕೂತರೆ ಮಾತ್ರ ಅವರು ಎದ್ದು ಹೋಗಿ ಓಡಿಸುತ್ತಿದ್ದರು. ಹೆಂಡತಿ, ಮದುವೆಯಾಗಬೇಕಾದ ಇಬ್ಬರು ಹೆಣ್ಣುಮಕ್ಕಳು, ಕುರುಡಾದ ತಾಯಿ, ಇಷ್ಟು ಜನ ಆ ಕಾಗದದಿಂದ ಉಣ್ಣುತ್ತಿದ್ದರು. ಕೆಲಸಗಾರನಾದ ನಾನೂ ಉಣ್ಣುತ್ತಿದ್ದೆ.

ನಾನು ಹಾಲಹರವಿಯ ಕಡೆಯವನು. ಹೊಲ ಅಣ್ಣಂದಿರಿಗೇ ಸಾಲದಷ್ಟಿತ್ತು, ಹೀಗಾಗಿ ಮದುವೆಯಾದ ಮೇಲೆ ಆದೋನಿಗೆ ಬಂದು ಉಸ್ತಾದರ ಕೈಕೆಳಗೆ ನಿಂತೆ. ನಮ್ಮಲ್ಲಿಗೆ ಬರುತ್ತಿದ್ದವು ಬಹುಪಾಲು ನಾಡ ಬಂದೂಕುಗಳು. ನಳಿಗೆಯ ಬಾಯಿಂದ ಮದ್ದು ಸುರಿದು, ಚಿಂದಿ ಬಟ್ಟೆ ತುರುಕಿ, ಸೀಸದ ಚರೆ ಹಾಕಿ, ಮೇಲಿಂದ ಉದ್ದನೆಯ ಕಡ್ಡಿಯಿಂದ ಜಡಿಯುವ ಜಾತಿ. ಆ ಕಡ್ಡಿಗೆ ಗಜ ಎನ್ನುತ್ತಿದ್ದೆವು. ಹೊಲಕ್ಕೆ ನುಗ್ಗುವ ಹಂದಿ ಕಾಯುವವರು, ಕುರಿಹಟ್ಟಿಯವರು, ಊರ ಗೌಡರು ತರುತ್ತಿದ್ದರು. ತಂದವರು ಒಬ್ಬರೂ ತಮ್ಮದು ಕೆಟ್ಟಿದೆ ಎಂದು ಹೇಳುತ್ತಿರಲಿಲ್ಲ. ‘ಸ್ವಲ್ಪ ಮುನಿಸಿಕೊಂಡೈತಿ, ನೋಡ್ರಿ’ ಎನ್ನುತ್ತಿದ್ದರು.

ಉಸ್ತಾದರಿಗೆ ಒಂದು ಪದ್ಧತಿ ಇತ್ತು. ಯಾವ ಬಂದೂಕು ಬಂದರೂ, ತಂದವನು ಮಸೀದಿಯ ಮುಲ್ಲಾ ಆಗಿರಲಿ ತಹಶೀಲ್ದಾರರ ಜವಾನ ಆಗಿರಲಿ, ಮಾತಾಡಿಸುವ ಮೊದಲೇ ನಳಿಗೆಗೆ ಗಜ ಇಳಿಬಿಡುತ್ತಿದ್ದರು. ಗಜ ತಳ ಮುಟ್ಟಿದಾಗ ನಳಿಗೆಯ ಬಾಯಿ ಬರುವ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಹೊರಗೆ ತೆಗೆದು, ನಳಿಗೆಯ ಪಕ್ಕಕ್ಕೆ ಹಿಡಿದು ಅಳೆಯುತ್ತಿದ್ದರು. ನಾಲ್ಕು ಬೆರಳು ಕಮ್ಮಿ ಬಂತೆಂದರೆ ಒಳಗೆ ಮದ್ದು ಕೂತಿದೆ ಎಂದು ಅರ್ಥ. ಒಮ್ಮೆ ನಮ್ಮ ಹಾಲಹರವಿ ಕಡೆಯ ಕುರಿಗಾರನೊಬ್ಬ ಒಂದು ಬಂದೂಕು ತಂದ. ಖಾಲಿ ಎಂದು ಬೀರಪ್ಪನ ಮೇಲೆ ಆಣೆ ಇಟ್ಟ. ಗಜ ಐದು ಬೆರಳು ಕಮ್ಮಿ ಬಂತು. ಕೇಳಿದರೆ, ಎರಡು ವರ್ಷದ ಹಿಂದೆ ತೋಳಕ್ಕೆಂದು ತುಂಬಿದ್ದಂತೆ, ತೋಳ ಬರಲೇ ಇಲ್ಲವಂತೆ, ತುಂಬಿದ್ದನ್ನು ಸುಮ್ಮನೆ ಯಾಕೆ ಹಾಳು ಮಾಡುವುದೆಂದು ಹಾಗೇ ಬಿಟ್ಟನಂತೆ. ಆಣೆ ಇಟ್ಟದ್ದು ಯಾಕೆ ಎಂದದ್ದಕ್ಕೆ, ಬಂದೂಕಿನ ಒಳಗಿನ ಮಾತು ತನಗೆ ಹೇಗೆ ಗೊತ್ತಾಗಬೇಕು ಎಂದು ನಮಗೇ ತಿರುಗಿ ಕೇಳಿದ. ಉಸ್ತಾದರು ಅವನನ್ನು ಅರ್ಧ ಗಂಟೆ ಬೈದು, ಆಮೇಲೆ ಬೀಡಿ ಕೊಟ್ಟು ಕೂರಿಸಿದರು. ಅವರ ಸಿಟ್ಟು ಯಾವಾಗಲೂ ಬೀಡಿಯಲ್ಲೇ ಮುಗಿಯುತ್ತಿತ್ತು.

ಕಾಲ ಬದಲಾಗುತ್ತಿತ್ತು. ನಡುಮುರಿದು ತೋಟಾ ತುಂಬುವ ಬಂದೂಕುಗಳು ಬಂದವು, ರಿವಾಲ್ವರುಗಳು ಬಂದವು. ಉಸ್ತಾದರಿಗೆ ಇವುಗಳ ಒಳಗು ಅಷ್ಟಾಗಿ ಒಗ್ಗಲಿಲ್ಲ. ಬಳ್ಳಾರಿಯ ದಂಡಿನ ಕಡೆ ಅವರ ಸಂಬಂಧಿಕರೊಬ್ಬರ ಅಂಗಡಿ ಇತ್ತು, ಅಲ್ಲಿಗೆ ನನ್ನನ್ನು ಎಂಟು ತಿಂಗಳು ಕಳಿಸಿದರು. ಅಲ್ಲಿ ಮೊದಲ ಸಲ ಪಿಸ್ತೂಲು ನೋಡಿದೆ. ತಾನೇ ತೋಟಾ ಎತ್ತಿಕೊಂಡು ತಾನೇ ಹೊರಗೆ ಎಸೆಯುವ ಯಂತ್ರ. ಬಿಚ್ಚಲು ಕಲಿತೆ, ಕೂಡಿಸಲು ಕಲಿತೆ. ಅಲ್ಲಿಗೆ ಪಿಸ್ತೂಲು ಬರುತ್ತಿದ್ದದ್ದು ದೊರೆಗಳ ಮನೆಯಿಂದ, ಖಾಲಿ ಮಾಡಿ, ಖಾಲಿ ಎಂದು ಚೀಟಿ ಬರೆದು ಕಳಿಸುತ್ತಿದ್ದರು. ಚೀಟಿ ಓದಿ ಬಿಚ್ಚುವುದಷ್ಟೇ ನಮ್ಮ ಕೆಲಸ. ಇದೊಂದು ನನ್ನ ವಿದ್ಯೆಯ ದೊಡ್ಡ ತೂತು ಎಂದು ಆಗ ಹೊಳೆಯಲಿಲ್ಲ.

ಆದೋನಿಗೆ ಮರಳಿದಾಗ ನನ್ನ ನಡಿಗೆಯೇ ಬೇರೆಯಾಗಿತ್ತು ಎಂದು ನನ್ನ ಹೆಂಡತಿ ಕೊನೆಯವರೆಗೂ ಆಡಿಕೊಳ್ಳುತ್ತಿದ್ದಳು. ಉಸ್ತಾದರು ರಿವಾಲ್ವರಿಗೂ ಗಜ ಹಾಕುವುದನ್ನು ಕಂಡು ಒಳಗೊಳಗೆ ನಗುತ್ತಿದ್ದೆ. ಹಿತ್ತಾಳೆಯ ಸಣ್ಣದೊಂದು ಕಡ್ಡಿಯನ್ನು ಅದಕ್ಕೆಂದೇ ಮಾಡಿಸಿಕೊಂಡಿದ್ದರು. ಒಮ್ಮೆ ಗಿರಾಕಿಯ ಮುಂದೆಯೇ, ಇದಕ್ಕೆಲ್ಲ ಗಜದ ಕಾಲ ಮುಗಿಯಿತು ಉಸ್ತಾದ್ ಎಂದುಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಇನ್ನಷ್ಟು ಧೈರ್ಯ ಕೊಟ್ಟಿತು. ಪಿಸ್ತೂಲಿನ ಬಗ್ಗೆ ಮಾತ್ರ ಅವರದು ಒಂದೇ ಅಭಿಪ್ರಾಯ.

“ನಾಡ ಬಂದೂಕು ಬಾಯಿ ತಕ್ಕೊಂಡು ಕುಂದರ್ತದ. ರಿವಾಲ್ವರ್ ಹಲ್ಲು ತೋರಸ್ತದ. ಇದು ಬಾಯಿ ಮುಚಗೊಂಡಿರ್ತದ ಭಾಯಿ. ಬಾಯಿ ಮುಚಗೊಂಡಾವ್ನ ಹೊಟ್ಟ್ಯಾಗ ಏನೈತಿ ಯಾರಿಗೆ ಗೊತ್ತು?” ಎನ್ನುತ್ತಿದ್ದರು. ಮುಟ್ಟಬೇಕಾಗಿ ಬಂದಾಗ ಅದನ್ನು ನನ್ನ ಕಡೆ ಸರಿಸುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗುವ ಸ್ವಲ್ಪ ಮುಂಚೆ ಪೇಟೆಯ ಹತ್ತಿ ವ್ಯಾಪಾರಿ ಚನ್ನಬಸಪ್ಪನವರು ತೀರಿಕೊಂಡರು. ಹತ್ತಿ ಕೊಳ್ಳಲು ಪತ್ತಿಕೊಂಡದ ಕಡೆ ಗಾಡಿಯಲ್ಲಿ ಹೋಗುವಾಗ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದವರು. ಲೈಸೆನ್ಸ್ ಇದ್ದವರು ಸತ್ತರೆ ಅವರ ಆಯುಧ ಠಾಣೆಗೆ ಹೋಗಬೇಕು, ಇಲ್ಲವೇ ಲೈಸೆನ್ಸ್ ಇರುವ ಅಂಗಡಿಗೆ ಮಾರಾಟಕ್ಕೆ ಬರಬೇಕು. ಮಕ್ಕಳಿರಲಿಲ್ಲ. ಹೆಂಡತಿ ನೀಲಮ್ಮನವರು ಅಂಗಡಿಗೆ ಕಳಿಸುವುದಾಗಿ ಹೇಳಿಸಿದರು. ಪೊಲೀಸರ ಒಪ್ಪಿಗೆ ಚೀಟಿಯ ಸಮೇತ ಅವರ ಮನೆಯ ಆಳು ಅದನ್ನು ತಂದ. ಒಗೆದು ಮಡಿಸಿದ ಬಿಳಿ ಪಂಚೆಯಲ್ಲಿ ಸುತ್ತಿತ್ತು. ಬಿಚ್ಚಿದರೆ ಹಿಡಿಯ ಮೇಲೆ ಮೂರು ಬೆರಳಿನ ವಿಭೂತಿ. ಉಳಿದ ತೋಟಾಗಳು ಬೇರೆ ತಗಡಿನ ಡಬ್ಬಿಯಲ್ಲಿದ್ದವು.

ಅದು ಹಳೆಯ ಮಾದರಿ. ಈ ಶತಮಾನದ ಮೊದಲ ವರ್ಷಗಳಲ್ಲಿ ವಿಲಾಯಿತಿಯ ಯಾವುದೋ ಕಾರ್ಖಾನೆಯಿಂದ ಹೊರಟದ್ದು. ಆಮೇಲಿನ ಪಿಸ್ತೂಲುಗಳಲ್ಲಿ ಕೆಲವಕ್ಕೆ ನಳಿಗೆಯಲ್ಲಿ ತೋಟಾ ಇದ್ದರೆ ಮೇಲೆ ಒಂದು ಮೊಳೆ ಎದ್ದು ನಿಂತು ಹೇಳುವ ಏರ್ಪಾಡು ಇರುತ್ತಿತ್ತು. ಇದಕ್ಕೆ ಅಂಥದ್ದೇನೂ ಇರಲಿಲ್ಲ. ತೋಟಾಕ್ಕೆ ಬಡಿಯುವ ಸುತ್ತಿಗೆಯೂ ಹೊರಗೆ ಕಾಣುವುದಿಲ್ಲ, ಎಲ್ಲವೂ ಒಳಗೇ. ತೋಟಾಗಳ ಮ್ಯಾಗಜಿನ್ ಹಿಡಿಯೊಳಗೆ ಕೂರುತ್ತಿತ್ತು, ಹಿಡಿಯ ತಳದ ಕೊಕ್ಕೆ ಸರಿಸಿದರೆ ಕೈಗೆ ಬರುತ್ತಿತ್ತು. ಮೇಲಿನ ಜಾರುವ ತುಂಡನ್ನು ಹಿಂದಕ್ಕೆಳೆದು ಬಿಟ್ಟರೆ ಅದರಿಂದ ಒಂದು ತೋಟಾ ನಳಿಗೆಗೆ ಏರುತ್ತಿತ್ತು.

ಕೊಳ್ಳಲು ಬಂದವರು ಎಮ್ಮಿಗನೂರಿನ ನೂಲು ವ್ಯಾಪಾರಿ ವೀರಭದ್ರಪ್ಪ. ನೇಕಾರರಿಗೆ ನೂಲು ಕೊಟ್ಟು ಸೀರೆ ತರುವವರು. ಹಿಂದಿನ ಬೇಸಿಗೆಯಲ್ಲಿ ದಾರಿಯಲ್ಲಿ ಯಾರೋ ಅವರ ಗಾಡಿಗೆ ಕಲ್ಲು ತೂರಿದ್ದರಂತೆ, ಅಂದಿನಿಂದ ನಿದ್ದೆ ಬಾರದೆ ಲೈಸೆನ್ಸ್ ಮಾಡಿಸಿಕೊಂಡಿದ್ದರು. ಹಳೆಯದಾದರೂ ಚಿಂತೆಯಿಲ್ಲ, ಜೇಬಿನಲ್ಲಿ ಕೂರಬೇಕು ಎಂದರು. ಕೊಳ್ಳುವ ಮೊದಲು ನಮ್ಮ ಅಂಗಡಿಯವರು ನೋಡಿ ಸರಿ ಇದೆ ಎಂದು ಬಾಯಲ್ಲಿ ಹೇಳಬೇಕು, ಅಷ್ಟೇ ಅವರ ಷರತ್ತು.

ಉಸ್ತಾದರು ಎದುರಿಗೆ ಕಂಬಕ್ಕೆ ಒರಗಿ ಕೂತು ಒಂದು ಬಂದೂಕಿನ ಮರದ ಹಿಡಿಯನ್ನು ಮೊಣಕಾಲಿಗೆ ಒತ್ತಿಕೊಂಡು ಅರ ಹಾಕುತ್ತಿದ್ದರು. ಪಿಸ್ತೂಲು ಬಂದದ್ದನ್ನು ನೋಡಿ, ಹಿತ್ತಾಳೆ ಕಡ್ಡಿ ಇದ್ದ ಕಡೆ ಗದ್ದ ತೋರಿಸಿದರು. ನಾನು ನೋಡಿಯೂ ನೋಡದವನಂತೆ ಮಾಡಿದೆ. ಎಮ್ಮಿಗನೂರಿನ ಸಾಹುಕಾರರ ಮುಂದೆ ಕಡ್ಡಿ ಹಾಕಿ ಅಳೆಯುವುದು ನನಗೆ ಅವಮಾನ ಅನ್ನಿಸಿತು. ಕೊಕ್ಕೆ ಸರಿಸಿ ಮ್ಯಾಗಜಿನ್ ಹೊರಗೆಳೆದೆ. ಖಾಲಿ. ಬೆಳಕಿಗೆ ಹಿಡಿದು ಅವರಿಗೂ ತೋರಿಸಿದೆ. ಆಮೇಲೆ ಗುಂಡು ಹಾರಿಸಲು ಎಳೆಯುವ ಕುದುರೆಯ ಮೇಲೆ ಬೆರಳಿಟ್ಟೆ. ಬಿಗಿಯಾಗಿ ನಿಂತಿತ್ತು.

ಈ ಕೆಲಸಕ್ಕೆ ಬರುವವರು ಈ ಮಾತನ್ನು ಎರಡು ಸಲ ಓದಬೇಕು. ಆ ಮಾದರಿಯ ಪಿಸ್ತೂಲಿನ ಒಳಗಿನ ಸುತ್ತಿಗೆ ನಿಜವಾಗಿ ಇಳಿದು ಕೂತಿದ್ದರೆ ಅದರ ಕುದುರೆ ಸಡಿಲವಾಗಿ ಹಿಂದುಮುಂದಾಗುತ್ತಿರಬೇಕು. ಬಿಗಿಯಾಗಿ ನಿಂತಿದೆ ಎಂದರೆ ಯಾರೋ ಮೇಲಿನ ತುಂಡನ್ನು ಹಿಂದಕ್ಕೆ ಎಳೆದು ಬಿಟ್ಟಿದ್ದಾರೆ, ಅದು ಸಿದ್ಧವಾಗಿ ಕೂತಿದೆ. ಇದು ನನಗೆ ಬಳ್ಳಾರಿಯಲ್ಲಿ ಕಲಿಸಿದ್ದ ಪಾಠವೇ. ಆದರೆ ಆ ಗಳಿಗೆಯಲ್ಲಿ ನಾನು ಮಾರಾಟಗಾರನಾಗಿದ್ದೆ. ಮಾರುವವನ ಕಣ್ಣಿಗೆ ಎಲ್ಲವೂ ಗುಣವಾಗಿಯೇ ಕಾಣುತ್ತದೆ.

“ಎಷ್ಟು ವರ್ಷದ ಸಾಮಾನು ನೋಡ್ರಿ ಸಾವ್ಕಾರ್ರ, ಸ್ಪ್ರಿಂಗ್ ಇನ್ನಾ ಬಿಗಿ ಐತಿ. ಖಾಲಿ ಐತ್ರಿ. ಹಿಡಕೊಂಡು ಕುದುರಿ ಎಳದು ನೋಡ್ರಿ,” ಎಂದು ಅವರ ಕೈಗೆ ಕೊಟ್ಟೆ.

ಅವರು ಎಳೆದರು. ಅಷ್ಟು ಸಣ್ಣ ಯಂತ್ರಕ್ಕೆ ಅಷ್ಟು ದೊಡ್ಡ ಸದ್ದು ಎಂದು ಯಾರೂ ನಂಬಲಾರರು. ಹೊಗೆ ಇಳಿದ ಮೇಲೆ ನೋಡಿದರೆ ಗುಂಡು ಮರದ ಕಂಬದಲ್ಲಿ ಕೂತಿತ್ತು. ಕಂಬಕ್ಕೆ ಹೋಗುವ ದಾರಿಯಲ್ಲಿ ಉಸ್ತಾದರ ಎಡಗೈ ಹೆಬ್ಬೆರಳನ್ನು ಬುಡದಿಂದ ತೆಗೆದುಕೊಂಡು ಹೋಗಿತ್ತು. ಅವರು ಕೂಗಲಿಲ್ಲ. ಅರವನ್ನು ಪಕ್ಕಕ್ಕಿಟ್ಟು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನೀಲಮ್ಮನವರ ಬಿಳಿ ಪಂಚೆಯನ್ನೇ ಸುತ್ತಿ ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ವೀರಭದ್ರಪ್ಪನವರು ಪಿಸ್ತೂಲನ್ನು ನೆಲದ ಮೇಲಿಟ್ಟು ಅದರ ಮುಂದೆ ಕೈಕಟ್ಟಿ ನಿಂತೇ ಇದ್ದರಂತೆ, ಪೊಲೀಸರು ಬರುವವರೆಗೆ.

ಅಂದು ಸಂಜೆ ಠಾಣೆಯಲ್ಲಿ ನನ್ನ ಹೇಳಿಕೆ ತೆಗೆದುಕೊಂಡರು. ನಾಲಿಗೆ ತೊದಲಲಿಲ್ಲ. ಪರೀಕ್ಷೆ ಮಾಡಿದೆ, ಮ್ಯಾಗಜಿನ್ ಖಾಲಿ ಇತ್ತು, ಒಳಗೆ ತೋಟಾ ಇಟ್ಟು ಕಳಿಸಿದ್ದು ಮನೆಯವರ ಕೆಲಸ ಎಂದೆ. ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ. ಪರೀಕ್ಷೆ ಅರ್ಧಕ್ಕೇ ನಿಂತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಬರೆದುಕೊಳ್ಳುತ್ತಿದ್ದವರು ಒಂದು ವಿಷಯ ಸ್ಪಷ್ಟ ಮಾಡಿದರು. ತಪ್ಪು ಮನೆಯವರದಾದರೆ ತುಂಬಿದ ಆಯುಧ ಕಳಿಸಿದ್ದಕ್ಕೆ ಆ ವಿಧವೆಯ ಮೇಲೆ ಕೇಸು, ಆಕೆ ಕೋರ್ಟಿಗೆ ಬಂದು ಕಟಕಟೆಯಲ್ಲಿ ನಿಲ್ಲಬೇಕು. ತಪ್ಪು ಅಂಗಡಿಯದಾದರೆ ಲೈಸೆನ್ಸ್ ಅಮಾನತ್ತು, ಅಂಗಡಿಗೆ ಬೀಗ. ನಾನು ಬೆರಳು ಕಳೆದುಕೊಂಡ ಮನುಷ್ಯನ ಅನ್ನವನ್ನೂ ಕಳೆಯಲಾರೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದರಲ್ಲಿ ನನ್ನ ಮಾನವೂ ಉಳಿಯುತ್ತಿತ್ತು ಎಂಬುದನ್ನು ಈಗ ಮುಚ್ಚಿಡುವುದಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ಉಸ್ತಾದರ ಹೆಂಡತಿ ನನ್ನನ್ನು ನೋಡಿ ಮುಖ ತಿರುಗಿಸಿ ಹೊರಗೆ ಹೋದರು. ಉಸ್ತಾದರು ಮೇಲ್ಛಾವಣಿ ನೋಡುತ್ತ ಮಲಗಿದ್ದರು. ಒಂದೇ ಒಂದು ಮಾತು ಕೇಳಿದರು.

“ಮಲ್ಲಪ್ಪಾ, ಮ್ಯಾಲಿನ ತುಂಡು ಹಿಂದಕ್ಕ ಎಳದು ಒಳಗ ನೋಡಿದ್ದೇನು?”

ನಾನು ಮಾತು ತಿರುಗಿಸಿದೆ. ಇನ್‌ಸ್ಪೆಕ್ಟರ್ ನಾಳೆ ಅಂಗಡಿಗೇ ಬಂದು ವಿಚಾರಣೆ ಮಾಡುತ್ತಾರಂತೆ ಎಂದೆ. ಹೂಂ ಎಂದರು. ನಾನು ಏನು ಹೇಳಬೇಕೆಂದು ಅವರು ಹೇಳಿಯಾರು ಎಂದು ಕಾದು ಕೂತೆ. ಬೈದಿದ್ದರೆ ಸಾಕಿತ್ತು. ಅವರು ಬೈಯಲೂ ಇಲ್ಲ, ಬೀಡಿಯನ್ನೂ ಕೇಳಲಿಲ್ಲ.

ಇನ್‌ಸ್ಪೆಕ್ಟರು ನೆಲ್ಲೂರು ಕಡೆಯವರು. ಬಂದು ಮೂರು ತಿಂಗಳಾಗಿತ್ತಷ್ಟೇ, ಕನ್ನಡದ ಒಂದು ಪದವೂ ತಿಳಿಯದು. ಮೇಲಧಿಕಾರಿಗಳಲ್ಲಿ ನಾನು ಕಂಡ ಕೆಲವೇ ಒಳ್ಳೆಯವರಲ್ಲಿ ಅವರೂ ಒಬ್ಬರು, ಆದರೆ ಒಳ್ಳೆಯವರಿಗೂ ಕೆಲಸ ಬೇಗ ಮುಗಿಯಬೇಕಿರುತ್ತದೆ. ನನ್ನ ಮೊದಲ ಹೇಳಿಕೆಯನ್ನು ಒಪ್ಪಿಕೊಂಡು ಕಾಗದ ಮುಗಿಸುವ ಅಂದಾಜಿನಲ್ಲೇ ಬಂದಿದ್ದರು. ಆಯುಧ ಗುರುತಿಸಲೆಂದು ನೀಲಮ್ಮನವರನ್ನೂ ಕರೆಸಿದ್ದರು. ಅವರು ಕಮಾನು ಗಾಡಿಯಲ್ಲಿ ಬಂದು, ಹೊಸ್ತಿಲ ಒಳಗೆ ಸೆರಗು ಹೊದ್ದು ನಿಂತರು. ಐವತ್ತು ದಾಟಿದ ಹೆಂಗಸು. ಕೂಡ್ರಿ ಎಂದು ಮಣೆ ಹಾಕಿದರೂ ಕೂರಲಿಲ್ಲ. ಬಾಗಿಲಲ್ಲಿ ನಮ್ಮೂರಿನವನೇ ಆದ ಒಬ್ಬ ಪೊಲೀಸ್ ಪೇದೆ ನಿಂತಿದ್ದ.

ಎರಡೂ ಭಾಷೆ ಬಲ್ಲವನೆಂದು, ಇನ್‌ಸ್ಪೆಕ್ಟರು ತೆಲುಗಿನಲ್ಲಿ ಕೇಳಿದ್ದನ್ನು ನಾನೇ ಕನ್ನಡಕ್ಕೆ, ಬಂದ ಉತ್ತರವನ್ನು ತೆಲುಗಿಗೆ ತಿರುಗಿಸಬೇಕಿತ್ತು. ಒಳಗೆ ತೋಟಾ ಇತ್ತೆಂದು ನಿಮಗೆ ಗೊತ್ತಿತ್ತೇ ಎಂಬುದು ಪ್ರಶ್ನೆ. ಗೊತ್ತಿರಲಿಲ್ಲ, ಗಂಡ ಬಿಟ್ಟು ಹೋದದ್ದು ಹಾಗೇ ಇತ್ತು ಎಂಬ ಉತ್ತರ ಬರುತ್ತದೆಂದು ನಾನು ನಂಬಿದ್ದೆ. ಸತ್ತವರ ತಲೆಗೆ ಕಟ್ಟಿದರೆ ಯಾರಿಗೂ ನೋವಿಲ್ಲವಲ್ಲ ಎಂಬ ಆಸೆಯೂ ಇತ್ತು. ನೀಲಮ್ಮನವರು ಮುಚ್ಚುಮರೆ ಇಲ್ಲದೆ, ಸಮಾಧಾನವಾಗಿ ಹೇಳಿದರು.

“ಗೊತ್ತಿಲ್ಲದ ಏನ್ರಿ, ನಾನ ಹಾಕಿ ಕಳಸೀನಿ. ನಮ್ಮನಿ ಹೊಸ್ತಲ ದಾಟಿ ಯಾವ ಸಾಮಾನೂ ಬರೇದು ಹೋಗಿಲ್ರಿ. ಬಾಜು ಮನ್ಯಾರ ಬಟ್ಟಲ ತಿರುಗಿ ಕೊಟ್ರೂ ಒಳಗ ನಾಕು ಕಾಳು ಜ್ವಾಳ ಹಾಕಿ ಕೊಡ್ತೀವಿ. ಇದು ಅವ್ರು ಇಷ್ಟು ವರ್ಸ ಸೊಂಟಕ್ಕ ಕಟಗೊಂಡಿದ್ದು. ಬರೇ ಹೊಟ್ಟೀಲೆ ಹ್ಯಾಂಗ ಕಳಸ್ಲಿ? ಒಂದ ಒಂದು ಹಾಕಿದೆ. ಅವ್ರು ಊರಿಗೆ ಹೊಂಟಾಗ ಮ್ಯಾಲಿಂದು ಹ್ಯಾಂಗ ಜಗ್ಗಿ ಬಿಡ್ತಿದ್ರೋ ಹಂಗ ಜಗ್ಗಿ ಬಿಟ್ಟು, ವಿಭೂತಿ ಹಚ್ಚಿ ಕೊಟ್ಟೆ.” ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಸಾಬರಿಗೆ ಪೆಟ್ಟಾಗಿದ್ದು ಅದರಿಂದನ ಏನ್ರಿ?”

ನಮ್ಮ ಮನೆಯಲ್ಲೂ ಇದೇ ನಡೆಯುತ್ತಿತ್ತು. ಮಜ್ಜಿಗೆ ತಂದ ಚೊಂಬಿನಲ್ಲಿ ಕಾಳು, ಅರಿಶಿನ ತಂದ ಬಟ್ಟಲಲ್ಲಿ ಬೆಲ್ಲದ ಚೂರು. ನನ್ನ ತಾಯಿ ಅಕ್ಕಿ ಮೊರವನ್ನೂ ಹಾಗೆಯೇ ತಿರುಗಿ ಕೊಡುತ್ತಿದ್ದದ್ದನ್ನು ನೋಡಿ ಬೆಳೆದವನು ನಾನು. ಆ ಹೆಂಗಸು ಗಂಡನ ವಸ್ತುವಿಗೆ ಮರ್ಯಾದೆ ಮಾಡಿ ಕಳಿಸಿದ್ದರು. ಅದನ್ನು ನೋಡಬೇಕಾದ ಕೆಲಸ ನನ್ನದಾಗಿತ್ತು. ಮ್ಯಾಗಜಿನ್‌ನಲ್ಲಿದ್ದ ಒಂದೇ ತೋಟಾ ನಳಿಗೆಗೆ ಏರಿ ಕೂತದ್ದರಿಂದಲೇ ಮ್ಯಾಗಜಿನ್ ಖಾಲಿಯಾಗಿ ನನ್ನ ಕೈಗೆ ಬಂದಿತ್ತು.

“ಏಮಂಟುಂದಿ?” ಏನನ್ನುತ್ತಾಳೆ ಎಂದು ಇನ್‌ಸ್ಪೆಕ್ಟರು ಲೇಖನಿ ಎತ್ತಿಕೊಂಡು ಕೇಳಿದರು.

ಆಕೆ ಹೇಳಿದ್ದನ್ನು ಹೇಳಿದಂತೆ ತಿರುಗಿಸಿದರೆ ಆಕೆಯ ಬಾಯಿಂದಲೇ ತಪ್ಪೊಪ್ಪಿಗೆ. ಅಂಗಡಿ ಉಳಿಯುತ್ತಿತ್ತು. ಗೋಡೆಯ ಮೇಲಿನ ಕಾಗದ ಅಲ್ಲೇ ಇರುತ್ತಿತ್ತು, ಉಸ್ತಾದರ ಹೆಣ್ಣುಮಕ್ಕಳ ಮದುವೆ ಆಗುತ್ತಿತ್ತು, ನಾನೂ ಮೊದಲಿನ ನಡಿಗೆಯಲ್ಲೇ ನಡೆಯಬಹುದಿತ್ತು. ಬಾಗಿಲಲ್ಲಿದ್ದ ಪೇದೆ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಸೊಂಟದ ಪಟ್ಟಿ ಸರಿಮಾಡಿಕೊಳ್ಳುತ್ತ ಬೀದಿಯ ಕಡೆ ತಿರುಗಿ ನಿಂತ. ಅವನ ಮನೆಯಲ್ಲೂ ಬಟ್ಟಲು ಬರಿದಾಗಿ ಹೋಗುತ್ತಿರಲಿಲ್ಲ ಎಂದು ಕಾಣುತ್ತದೆ.

ನಾನು ತೆಲುಗಿನಲ್ಲಿ ಹೇಳಿದೆ. ಪಿಸ್ತೂಲು ಅವರ ಯಜಮಾನರ ಕಾಲದಲ್ಲಿ ಹೇಗಿರುತ್ತಿತ್ತೋ ಹಾಗೆಯೇ ಅಂಗಡಿಗೆ ಬಂತು ಎನ್ನುತ್ತಾರೆ. ಹಳೆಯ ಆಯುಧ ಹೇಗೆ ಬಂದರೂ ಒಳಗೆ ನೋಡುವುದು ಅಂಗಡಿಯವರ ಕೆಲಸ. ನಾನು ಮ್ಯಾಗಜಿನ್ ಮಾತ್ರ ತೆಗೆದೆ, ನಳಿಗೆಯೊಳಗೆ ನೋಡಲಿಲ್ಲ. ಉಸ್ತಾದರು ನೋಡು ಎಂದು ಸನ್ನೆ ಮಾಡಿದರು, ಆಗಲೂ ನೋಡಲಿಲ್ಲ. ಖಾಲಿ ಎಂದು ಹೇಳಿ ಕೊಟ್ಟವನು ನಾನೇ.

ಇನ್‌ಸ್ಪೆಕ್ಟರು ಲೇಖನಿ ಕೆಳಗಿಟ್ಟರು. ಮೊನ್ನೆ ಬೇರೆ ಹೇಳಿದೆಯಲ್ಲ ಎಂದರು. ಮೊನ್ನೆ ಹೆದರಿದ್ದೆ ಎಂದೆ. ಇದನ್ನು ಬರೆದರೆ ಲೈಸೆನ್ಸ್ ಏನಾಗುತ್ತದೆ ಗೊತ್ತೇ ಎಂದು ಕೇಳಿದರು. ಗೊತ್ತು ಎಂದೆ. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ನೀಲಮ್ಮನವರು ಗಾಡಿ ಹತ್ತುವ ಮುಂಚೆ ನನ್ನ ಕಡೆ ತಿರುಗಿದರು. ಪೇಟೆಯ ಹೆಂಗಸು, ತೆಲುಗು ನನ್ನಷ್ಟೇ ಚೆನ್ನಾಗಿ ತಿಳಿಯುತ್ತಿತ್ತು ಎಂಬುದು ಆಗ ನೆನಪಾಯಿತು.

“ನಾ ಹೇಳಿದ್ದು ಅದಲ್ಲಲ್ರಿ,” ಎಂದರು.

“ಹೌದ್ರಿ ಅವ್ವಾರ. ಮನೀಗೆ ನಡೀರಿ,” ಎಂದೆ.

ಲೈಸೆನ್ಸ್ ಅಮಾನತ್ತಾಯಿತು. ಅಂಗಡಿಗೆ ಸರ್ಕಾರದ ಮುದ್ರೆಯ ಬೀಗ ಬಿತ್ತು. ಪಿಸ್ತೂಲು ಸರ್ಕಾರದ ಉಗ್ರಾಣ ಸೇರಿತು, ಅಲ್ಲಿ ಇನ್ನೂ ಇದ್ದರೂ ಇದ್ದೀತು. ವೀರಭದ್ರಪ್ಪನವರು ಮತ್ತೆ ಯಾವ ಆಯುಧವನ್ನೂ ಕೊಳ್ಳಲಿಲ್ಲ. ಒಂದು ಬೆತ್ತ ಹಿಡಿದು ಅದೇ ದಾರಿಯಲ್ಲಿ ಇಪ್ಪತ್ತು ವರ್ಷ ಓಡಾಡಿದರು, ಒಂದು ಕಲ್ಲೂ ಬೀಳಲಿಲ್ಲ. ನಾನು ಹತ್ತಿ ಹಿಂಜುವ ಕಾರ್ಖಾನೆಯೊಂದರಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿದೆ. ವಾರಕ್ಕೊಮ್ಮೆ ಜೋಳದ ಚೀಲ ಹೊತ್ತು ಉಸ್ತಾದರ ಮನೆಗೆ ಹೋಗುತ್ತಿದ್ದೆ. ಮೊದಲ ಎರಡು ತಿಂಗಳು ಅವರ ಹೆಂಡತಿ ಚೀಲ ಒಳಗೆ ತೆಗೆದುಕೊಂಡು ಮಾತಿಲ್ಲದೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಉಸ್ತಾದರು ಗಾಯ ಮಾಗಿದ ಮೇಲೆ ಅರ ಹಿಡಿದು ನೋಡಿದರು. ಬಲಗೈ ಅರ ಎಳೆಯಬಲ್ಲದು, ಆದರೆ ಕೆಲಸದ ವಸ್ತುವನ್ನು ಹಿಡಿದು ನಿಲ್ಲಿಸುವುದು ಎಡಗೈ. ಹೆಬ್ಬೆರಳಿಲ್ಲದ ಕೈಯಿಂದ ಸ್ಪ್ರಿಂಗು ಮೂರು ಸಲ ಹಾರಿ ಹೋಯಿತು. ನಾಲ್ಕನೆಯ ಸಲ ಅವರು ಪ್ರಯತ್ನಿಸಲಿಲ್ಲ. ನಾನು ಅಲ್ಲೇ ಇದ್ದೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಮತ್ತೆಂದೂ ಆಗಲಿಲ್ಲ.

ವಿಚಾರಣೆಯಲ್ಲಿ ನಡೆದದ್ದನ್ನೆಲ್ಲ ನಾನೇ ಅವರಿಗೆ ಹೇಳಿದ್ದೆ. ಅದರ ಬಗ್ಗೆ ಅವರು ಒಂದು ದಿನವೂ ಮಾತೆತ್ತಲಿಲ್ಲ. ಅದು ಅವರಿಗೆ ಒಪ್ಪಿಗೆಯಾಗಿತ್ತೋ, ಮನಸ್ಸಿನಲ್ಲಿ ನನ್ನನ್ನು ಶಪಿಸುತ್ತಿದ್ದರೋ, ತಿಳಿಯದೆ ಏಳೆಂಟು ತಿಂಗಳು ಕಳೆದೆ.

ಅಮಾನತ್ತು ತೆರವಾದಾಗ ಲೈಸೆನ್ಸ್ ಹೊಸದಾಗಿ ಬರೆಸಿಕೊಳ್ಳಲು ಇಬ್ಬರೂ ಬಳ್ಳಾರಿಯ ಕಚೇರಿಗೆ ಹೋದೆವು. ರೈಲಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು, ನಾನು ಅವರ ಕೈ ನೋಡಬಾರದೆಂದು ನನ್ನ ಚಪ್ಪಲಿ ನೋಡುತ್ತ ಕೂತಿದ್ದೆ. ಗುಮಾಸ್ತರು ಹಳೆಯ ಕಡತ ತೆಗೆದರು. ಉಸ್ತಾದರಿಗೆ ಓದು ಬರಹ ಬರುತ್ತಿರಲಿಲ್ಲ, ಪ್ರತಿ ವರ್ಷದ ಕಾಗದದ ಮೇಲೂ ಎಡಗೈ ಹೆಬ್ಬೆಟ್ಟಿನ ಗುರುತು. ಗುಮಾಸ್ತರು ಹೊಸ ಕಾಗದ ಹರಡಿ, ಶಾಯಿಯ ಪಟ್ಟಿಯನ್ನು ಮುಂದಕ್ಕೆ ಸರಿಸಿ, ತಲೆ ಎತ್ತದೆಯೇ ಎಡಗೈ ಹೆಬ್ಬೆಟ್ಟು ಒತ್ತಲು ಹೇಳಿದರು.

ಉಸ್ತಾದರು ಹೆಗಲ ವಸ್ತ್ರದೊಳಗಿಂದ ಕೈ ತೆಗೆದು ಮೇಜಿನ ಮೇಲಿಟ್ಟರು. ಗುಮಾಸ್ತರು ಕೈ ನೋಡಿದರು, ಕಡತ ನೋಡಿದರು, ಮತ್ತೆ ಕೈ ನೋಡಿದರು. ಬಲಗೈ ಬೆರಳು ಹಳೆಯದಕ್ಕೆ ತಾಳೆಯಾಗುವುದಿಲ್ಲ, ಸಾಹೇಬರನ್ನು ಕೇಳಬೇಕು ಎಂದು ಮೆತ್ತಗೆ ಅಂದರು.

“ಯಾರನೂ ಕೇಳಬ್ಯಾಡ್ರಿ,” ಎಂದರು ಉಸ್ತಾದರು. “ನನ್ನ ಹೆಸರು ಹೊಡದು ಹಾಕ್ರಿ. ಇಂವಗ ಬರಿಯಾಕ ಬರ್ತದ. ಇಂವನ ಹೆಸರಿಗೆ ಬರೀರಿ.”

ನಾನು ಬೇಡ ಎಂದೆ. ಆಗದು ಎಂದೆ. ಇಷ್ಟೆಲ್ಲ ಮಾಡಿದವನ ಹೆಸರಿಗೆ ಹೇಗೆ ಎಂದೆ. ಅವರು ನನ್ನ ಕಡೆ ತಿರುಗಿದರು. ಗುಂಡು ಹಾರಿದ ಆ ದಿನದ ನಂತರ ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

“ನೀ ಆವತ್ತು ಆ ಅಮ್ಮನ ಮ್ಯಾಲೆ ಹಾಕಿದ್ರ ಅಂಗಡಿ ಉಳೀತಿತ್ತು, ಆದ್ರ ನಿನ್ನ ಮಾತು ಯಾರು ನಂಬ್ತಿದ್ರು? ನಾ ನಂಬ್ತಿದ್ನೇನು? ಸಹಿ ಹಾಕು. ಇನ್ನ ಮ್ಯಾಲೆ ನೀ ಖಾಲಿ ಅಂದ್ರ ಖಾಲಿ. ನಿನ್ನ ಹಿಂದ ನೋಡಾಕ ಯಾರೂ ಇಲ್ಲ.”

ಅಂಗಡಿಯ ಯಜಮಾನನಾದದ್ದು ಹೇಗೆ ಎಂದು ಕೇಳುವವರಿಗೆ ನಾನು ಉತ್ತರ ಹೇಳದೆ ಮಾತು ತಿರುಗಿಸುತ್ತಿದ್ದೆ. ಆದದ್ದು ಹೀಗೆ. ಗುಮಾಸ್ತರು ಹೆಬ್ಬೆಟ್ಟಿಗೆಂದು ಬಿಟ್ಟಿದ್ದ ಜಾಗದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು, ಅದರ ಕೆಳಗೆ ನನ್ನ ಕೈಲಿ ಸಹಿ ಹಾಕಿಸಿಕೊಂಡರು.